ಪೆಟ್ಟಿಗೆಯೊಳಗಿನ ಗಾಳಿ: ನಾಲ್ಕು ಇಂಚಿನ ರಾಕೆಟ್ಟಿಗೆ ಆಲ್ಟಿಮೀಟರ್ ಕೂರಿಸಿದ ದಿನಚರಿ

ಮಾರ್ಚ್ 10

ನಿನ್ನೆ ದೊಡ್ಡ ಮೋಟಾರಿನ ರಾಕೆಟ್ ಹಾರಿಸಲು ಬೇಕಾದ ಲೆವೆಲ್ 2 ಅರ್ಹತೆಯ ಕಾಗದಕ್ಕೆ ಸಹಿ ಬಿತ್ತು. ನಾಲ್ಕು ತಿಂಗಳ ಕೆಲಸ. ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದನ್ನೆಲ್ಲ ಇವತ್ತೇ ಒಂದು ಕಡೆ ಜೋಡಿಸಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಜನವರಿಯ ಹಾರಾಟದಲ್ಲಿ ನಡೆದದ್ದನ್ನು ಬರೆಯಬೇಕು. ಅದರ ಸುಳಿವು ಅದಕ್ಕೂ ಮೊದಲೇ ಎರಡು ಸಲ ಸಿಕ್ಕಿತ್ತು. ಎರಡು ಸಲವೂ ನಾನು ಗಮನ ಕೊಡಲಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ನಾವು ಇರುವುದು ದಕ್ಷಿಣ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ. ಹಾರಿಸುವುದು ಮೊಹಾವಿ ಮರುಭೂಮಿಯ ಲೂಸರ್ನ್ ಒಣ ಕೆರೆಯಲ್ಲಿ. ಕಾರಿನಲ್ಲಿ ಎರಡು ಗಂಟೆ ದಾರಿ. ಕೆರೆ ಅಂದರೆ ನೀರಿಲ್ಲ, ಗಟ್ಟಿ ಜೇಡಿಮಣ್ಣಿನ ದೊಡ್ಡ ಬಯಲು. ಸಮುದ್ರ ಮಟ್ಟದಿಂದ ಸುಮಾರು 870 ಮೀಟರ್ ಎತ್ತರ. 125 ಗ್ರಾಂಗಿಂತ ಜಾಸ್ತಿ ಇಂಧನ ಇರುವ ರಾಕೆಟ್ ಹಾರಿಸಲು ವಿಮಾನಯಾನ ಇಲಾಖೆಯ ಅನುಮತಿ ಬೇಕು. ಅದನ್ನು ಕ್ಲಬ್ ತೆಗೆದುಕೊಂಡಿರುತ್ತದೆ. ಮೋಟಾರಿಗೆ ಅಕ್ಷರದ ಹೆಸರು. ಒಂದೊಂದು ಅಕ್ಷರ ಮುಂದೆ ಹೋದಂತೆ ಮೋಟಾರ್ ಉರಿದು ಮುಗಿಯುವ ತನಕ ಕೊಡಬಹುದಾದ ಒಟ್ಟು ತಳ್ಳುವಿಕೆಯ ಮಿತಿ ದುಪ್ಪಟ್ಟಾಗುತ್ತದೆ. ಎಚ್ ಮತ್ತು ಐ ಹಾರಿಸಲು ಲೆವೆಲ್ 1, ಜೆ ಯಿಂದ ಎಲ್ ತನಕ ಲೆವೆಲ್ 2. ನನ್ನ ಹತ್ತಿರ ಲೆವೆಲ್ 1 ಇತ್ತು. ಲೆವೆಲ್ 2ರ ಬರಹದ ಪರೀಕ್ಷೆಯೂ ಮುಗಿದಿತ್ತು. ಹಾರಾಟ ಒಂದೇ ಬಾಕಿ.

ರಾಕೆಟ್: ನಾಲ್ಕು ಇಂಚು ದಪ್ಪ, 2.1 ಮೀಟರ್ ಉದ್ದ, ಮೋಟಾರ್ ಬಿಟ್ಟು 4.1 ಕೆಜಿ. ಎರಡು ಪ್ಯಾರಾಚೂಟ್. ಏರಿಕೆಯ ತುದಿ ಮುಟ್ಟಿದಾಗ, ಅಂದರೆ ಅಪೋಜಿಯಲ್ಲಿ, ಡ್ರೋಗ್ ಅನ್ನುವ ಚಿಕ್ಕದು ಬಿಚ್ಚಬೇಕು. ನೆಲಕ್ಕೆ 150 ಮೀಟರ್ ಇರುವಾಗ ಮೇನ್ ಅನ್ನುವ ದೊಡ್ಡದು ಬಿಚ್ಚಬೇಕು. ಹೀಗೆ ಮಾಡಿದರೆ ರಾಕೆಟ್ ಗಾಳಿಗೆ ಸಿಕ್ಕಿ ಮೈಲಿಗಟ್ಟಲೆ ತೇಲಿ ಹೋಗುವುದಿಲ್ಲ. ಯಾವಾಗ ಯಾವುದು ಬಿಚ್ಚಬೇಕು ಅಂತ ಹೇಳುವುದು ಆಲ್ಟಿಮೀಟರ್, ಅಂದರೆ ಎತ್ತರ ಅಳೆಯುವ ಸಾಧನ. ಅದು ಹೇಳಿದಾಗ ಸ್ವಲ್ಪ ಕರಿಮದ್ದು ಹೊತ್ತಿ, ಅದರ ಹೊಗೆಯ ಒತ್ತಡ ಪ್ಯಾರಾಚೂಟನ್ನು ಹೊರಗೆ ತಳ್ಳುತ್ತದೆ. ಆಲ್ಟಿಮೀಟರ್ ಕೂರುವ ಪೆಟ್ಟಿಗೆಗೆ ಎವಿ-ಬೇ ಅನ್ನುತ್ತಾರೆ. ಈ ಬರಹ ಆ ಪೆಟ್ಟಿಗೆಯದು.

ಹಂತ 1: ಸ್ಲೆಡ್ (ನವೆಂಬರ್ 18ರಿಂದ 26)

ಈ ಹವ್ಯಾಸದಲ್ಲಿ ಸ್ಟ್ರಾಟೊಲಾಗರ್, ಆರ್‌ಆರ್‌ಸಿ3, ಈಸಿಮಿನಿ, ರೇವನ್, ಎಗ್‌ಟೈಮರ್ ಹೀಗೆ ಐದಾರು ಹೆಸರುಗಳು ಎಲ್ಲರ ಬಾಯಲ್ಲೂ ಇರುತ್ತವೆ. ಎಗ್‌ಟೈಮರ್ ಬಿಡಿಭಾಗಗಳಾಗಿ ಬರುತ್ತದೆ, ನಾವೇ ಬೆಸುಗೆ ಹಾಕಿಕೊಳ್ಳಬೇಕು. ಈಸಿಮಿನಿಯ ವಿನ್ಯಾಸ ಯಾರು ಬೇಕಾದರೂ ನೋಡಬಹುದಾದದ್ದು. ರೇವನ್‌ನಲ್ಲಿ ಗಾಳಿ ಒತ್ತಡದ ಸೆನ್ಸರ್ ಜೊತೆಗೆ ವೇಗವರ್ಧನೆ ಅಳೆಯುವ ಆಕ್ಸೆಲೆರೋಮೀಟರ್ ಕೂಡ ಇದೆ. ನಾನು ಬರೀ ಗಾಳಿ ಒತ್ತಡ ಅಳೆಯುವ ಎರಡನ್ನು, ಬೇರೆ ಬೇರೆ ಕಂಪನಿಯವು, ತೆಗೆದುಕೊಂಡೆ. ಎರಡೂ ಸೇರಿ 170 ಡಾಲರ್. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಇದರಲ್ಲಿ ಬರುವ ತಪ್ಪುಗಳು ನನ್ನವು, ಅವುಗಳದ್ದಲ್ಲ. ಹಾಗಾಗಿ ಯಾವುವು ಅಂತ ಹೆಸರಿಸುವುದಿಲ್ಲ. ಮಗಳು ಮೊದಲನೆಯದಕ್ಕೆ ‘ಅಣ್ಣ’, ಎರಡನೆಯದಕ್ಕೆ ‘ತಮ್ಮ’ ಅಂತ ಚೀಟಿ ಅಂಟಿಸಿದಳು. ಇಲ್ಲೂ ಹಾಗೇ ಕರೆಯುತ್ತೇನೆ.

ಪೆಟ್ಟಿಗೆ ಅಂದರೆ 228 ಮಿಮೀ ಉದ್ದದ ಕಪ್ಲರ್, ರಾಕೆಟ್ಟಿನ ಎರಡು ಭಾಗಗಳನ್ನು ಜೋಡಿಸುವ ಕೊಳವೆ. ಎರಡೂ ತುದಿಗೆ 6 ಮಿಮೀ ಪ್ಲೈವುಡ್ ಮುಚ್ಚಳ, ಅದಕ್ಕೆ ಬಲ್ಕ್‌ಹೆಡ್ ಅನ್ನುತ್ತಾರೆ. ಒಳಗೆ ಉದ್ದಕ್ಕೂ ಕಾಲು ಇಂಚು ದಪ್ಪದ, ಸ್ಕ್ರೂವಿನ ಹಾಗೆ ತಿರುಪು ಇರುವ ಎರಡು ಉಕ್ಕಿನ ಕಡ್ಡಿ. ಅವುಗಳ ಮೇಲೆ ಜಾರಿ ಕೂರುವ 3 ಮಿಮೀ ಪ್ಲೈವುಡ್ ಹಲಗೆ. ಇದೇ ಸ್ಲೆಡ್. ಅಣ್ಣನಿಗೆ 9 ವೋಲ್ಟ್ ಬ್ಯಾಟರಿ, ತಮ್ಮನಿಗೆ ಚಿಕ್ಕ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ. ಇಬ್ಬರಿಗೂ ಬೇರೆ ಬೇರೆ ಸ್ವಿಚ್.

ಮೊದಲ ತಪ್ಪು ಇಲ್ಲೇ. 9 ವೋಲ್ಟ್ ಬ್ಯಾಟರಿಯನ್ನು ಬರೀ ಒಂದು ಜಿಪ್‌ಟೈನಿಂದ ಅಡ್ಡಕ್ಕೆ ಕಟ್ಟಿದ್ದೆ. ಸ್ಲೆಡ್ಡನ್ನು ಕೈಯಲ್ಲಿ ಹಿಡಿದು ಜೋರಾಗಿ ಕೆಳಕ್ಕೆ ಒದರಿದಾಗ ಬ್ಯಾಟರಿ 4 ಮಿಮೀ ಜಾರಿ ಕ್ಲಿಪ್ಪು ಅರ್ಧ ಬಿಟ್ಟಿತು. ರಾಕೆಟ್ ಏರುವಾಗ ಎಲ್ಲವೂ ಕೆಳಕ್ಕೆ ಒತ್ತುತ್ತದೆ. ಪ್ಯಾರಾಚೂಟ್ ಬಿಚ್ಚಿದಾಗ ಎಲ್ಲವೂ ಉಲ್ಟಾ ದಿಕ್ಕಿಗೆ ಎಳೆಯುತ್ತದೆ. ಹಾಗಾಗಿ ಬ್ಯಾಟರಿಯ ಎರಡೂ ತುದಿಗೆ ಮರದ ತಡೆ ಅಂಟಿಸಿ, ಅಡ್ಡಕ್ಕೆ ಎರಡು ಮತ್ತು ಉದ್ದಕ್ಕೆ ಒಂದು ಜಿಪ್‌ಟೈ ಹಾಕಿದೆ. ಈಗ ಒದರಿದರೂ ಅಲ್ಲಾಡುವುದಿಲ್ಲ.

ಹಂತ 2: ಗಾಳಿ ತೂತು (ನವೆಂಬರ್ 27)

ಪೆಟ್ಟಿಗೆಯೊಳಗಿನ ಒತ್ತಡ ಹೊರಗಿನ ಒತ್ತಡಕ್ಕೆ ಸಮ ಇರಬೇಕು. ಅದಕ್ಕೆ ಗೋಡೆಯಲ್ಲಿ ತೂತು ಬೇಕು. ತೀರಾ ಚಿಕ್ಕದಾದರೆ ಒಳಗಿನ ಗಾಳಿ ಹಿಂದೆ ಬೀಳುತ್ತದೆ. ತೀರಾ ದೊಡ್ಡದಾದರೆ ಹೊರಗಿನ ಗಾಳಿಯ ಹೊಡೆತವೆಲ್ಲ ಒಳಗೆ ಬರುತ್ತದೆ.

ಪೆಟ್ಟಿಗೆಯ ಒಳ ಅಳತೆಯನ್ನು ಲೆಕ್ಕ ಹಾಕಿದೆ. ಆಮೇಲೆ ನಂಬಿಕೆಗೆ ಅಕ್ಕಿ ತುಂಬಿ ಅಳೆದೆ. 1.6 ಲೀಟರ್, ಅಂದರೆ ಹತ್ತಿರ ಹತ್ತಿರ 100 ಘನ ಇಂಚು. ಇಷ್ಟಕ್ಕೆ ಕಾಲು ಇಂಚಿನ ಒಂದು ತೂತು ಸಾಕು ಅನ್ನುವುದು ಎಲ್ಲರೂ ಬಳಸುವ ಲೆಕ್ಕ. ಆದರೆ ಒಂದೇ ತೂತಾದರೆ ಅಡ್ಡಗಾಳಿ ಬಡಿದಾಗ ಓದು ತಪ್ಪುತ್ತದೆ. ಅದಕ್ಕೇ ಅಷ್ಟೇ ವಿಸ್ತೀರ್ಣವನ್ನು ಸುತ್ತಲೂ ಹಂಚಬೇಕು. ನಾಲ್ಕು ಮಾಡಿದರೆ ಒಂದೊಂದೂ 1/8 ಇಂಚು, ಅಂದರೆ 3.2 ಮಿಮೀ. ಹಾಗೇ ಕೊರೆದೆ. ಅಂಚಿನ ಸಿಬಿರನ್ನು ಮರಳು ಕಾಗದದಿಂದ ಉಜ್ಜಿದೆ.

ಇಷ್ಟು ಸರಿ ಇತ್ತು. ಆಮೇಲೆ ಸ್ವಿಚ್ ತಿರುಗಿಸಲು ಸ್ಕ್ರೂಡ್ರೈವರ್ ಹೋಗಬೇಕಲ್ಲ ಅಂತ 3/8 ಇಂಚಿನ ಇನ್ನೊಂದು ತೂತು ಕೊರೆದೆ. ಅದನ್ನು ಗಾಳಿ ತೂತು ಅಂತ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದರೆ ಗಾಳಿಗೆ ಅದು ಸ್ವಿಚ್ಚಿನ ತೂತು ಅಂತ ಗೊತ್ತಿಲ್ಲ. ನಾಲ್ಕು ಚಿಕ್ಕ ತೂತು ಸೇರಿದರೂ ಈ ಒಂದರ ಅರ್ಧದಷ್ಟೂ ಆಗುವುದಿಲ್ಲ. ಸುತ್ತಲೂ ಹಂಚಿದ ಶ್ರಮವೆಲ್ಲ ಒಂದೇ ಕೊರೆತದಲ್ಲಿ ಹೋಯಿತು. ಇದು ಗೊತ್ತಾಗಿದ್ದು ಎರಡು ತಿಂಗಳ ನಂತರ.

ಹಂತ 3: ಬಿಸಿಲು (ಡಿಸೆಂಬರ್ 2)

ಮೇಜಿನ ಮೇಲೆ ತಮ್ಮನನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಎತ್ತರ ನೋಡುತ್ತಾ ಕೂತಿದ್ದೆ. ಮಗಳು ಕಿಟಕಿ ಪರದೆ ಸರಿಸಿದಳು. ಮೇಜಿನ ಮೇಲಿದ್ದ ಆಲ್ಟಿಮೀಟರ್ 12 ಮೀಟರ್ ಜಿಗಿಯಿತು. ಪರದೆ ಮುಚ್ಚಿದರೆ ವಾಪಸ್.

ಈ ಒತ್ತಡದ ಸೆನ್ಸರುಗಳಿಗೆ ಬೆಳಕು ಆಗುವುದಿಲ್ಲ. ಚಿಪ್ಪಿನ ಮೇಲಿನ ಸಣ್ಣ ತೂತಿನಿಂದ ನೇರ ಬಿಸಿಲು ಬಿದ್ದರೆ ಓದು ಬದಲಾಗುತ್ತದೆ. ರಾಕೆಟ್ ತಿರುಗುತ್ತಾ ಏರುವಾಗ ತೂತುಗಳಿಂದ ಬಿಸಿಲು ಬಂದು ಹೋಗುತ್ತದೆ. ಮರುಭೂಮಿಯ ಬಿಸಿಲು ಬೇರೆ. ಗಾಳಿ ಆಡುವಂಥ ಕಪ್ಪು ಸ್ಪಂಜಿನ ಚೂರನ್ನು ಸೆನ್ಸರಿನ ಮೇಲೆ ಚಪ್ಪರದ ಹಾಗೆ ನಿಲ್ಲಿಸಿದೆ, ಮುಟ್ಟದ ಹಾಗೆ. ಟಾರ್ಚ್ ಹಿಡಿದು ನೋಡಿದೆ, ಅಲ್ಲಾಡಲಿಲ್ಲ. ಟೇಪ್ ಮಾತ್ರ ಅಂಟಿಸಬೇಡಿ, ಗಾಳಿ ಕಟ್ಟಿಹೋಗುತ್ತದೆ.

ಹಂತ 4: ಜಾಡಿ ಪರೀಕ್ಷೆ (ಡಿಸೆಂಬರ್ 3)

ದಪ್ಪ ಗಾಜಿನ ಉಪ್ಪಿನಕಾಯಿ ಜಾಡಿ. ಮುಚ್ಚಳಕ್ಕೆ ತೂತು ಮಾಡಿ ಕೊಳವೆ ಅಂಟಿಸಿದೆ. ಕಾರಿನ ಬ್ರೇಕ್ ಆಯಿಲ್ ತೆಗೆಯಲು ಬಳಸುವ ಕೈ ಪಂಪು, 27 ಡಾಲರ್. ಇ-ಮ್ಯಾಚ್, ಅಂದರೆ ಮದ್ದು ಹೊತ್ತಿಸುವ ಕಡ್ಡಿ, ಇರಬೇಕಾದ ಜಾಗದಲ್ಲಿ ಕ್ರಿಸ್ಮಸ್ ಸರದಿಂದ ಕಿತ್ತ ಎರಡು ಸಣ್ಣ ಬಲ್ಬು. ಕಣ್ಣಿಗೆ ಕನ್ನಡಕ. ಗಾಳಿ ಎಳೆದರೆ ಆಲ್ಟಿಮೀಟರ್ ಮೇಲೆ ಹೋಗುತ್ತಿದ್ದೇನೆ ಅಂದುಕೊಳ್ಳುತ್ತದೆ. ಎಳೆಯುವುದು ನಿಲ್ಲಿಸಿ ಸ್ವಲ್ಪ ಬಿಟ್ಟರೆ ತುದಿ ಮುಟ್ಟಿದೆ ಅಂತ ಮೊದಲ ಬಲ್ಬು ಹೊತ್ತಿಸುತ್ತದೆ. ಇನ್ನೂ ಬಿಡುತ್ತಾ ಬಂದರೆ 150 ಮೀಟರಿನಲ್ಲಿ ಎರಡನೆಯದು.

ಮೊದಲ ಸಲ ಪಂಪಿನ ಗುಂಡಿಯನ್ನು ಪಟ್ಟಂತ ಪೂರ್ತಿ ಬಿಟ್ಟೆ. ಎರಡೂ ಬಲ್ಬು ಹೆಚ್ಚುಕಡಿಮೆ ಒಟ್ಟಿಗೇ ಹೊತ್ತಿದವು. ನೋಟ್‌ಬುಕ್ಕಿನಲ್ಲಿ ಬರೆದದ್ದು ಇಷ್ಟೇ: “ಗಾಳಿ ನಿಧಾನ ಬಿಡಬೇಕು.” ಆಮೇಲೆ ನಿಧಾನ ಬಿಟ್ಟು ಐದು ಸಲ ಮಾಡಿದೆ, ಐದೂ ಸರಿಯಾಯಿತು. ಖುಷಿಯಾಗಿ ಜಾಡಿ ಎತ್ತಿಟ್ಟೆ.

ಇದೇ ಮೊದಲ ಸುಳಿವು. ಒಳಗಿನ ಒತ್ತಡ ದಿಢೀರ್ ಅಂತ ಏರಿದರೆ ಅಣ್ಣ ಎರಡನ್ನೂ ಒಟ್ಟಿಗೆ ಹಾರಿಸುತ್ತಾನೆ ಅಂತ ಕಣ್ಣೆದುರಿಗೇ ತೋರಿಸಿದ್ದ.

ಹಂತ 5: ನೆಲದ ಮೇಲೆ ಮದ್ದಿನ ಪರೀಕ್ಷೆ (ಡಿಸೆಂಬರ್ 9)

ಇದನ್ನು ಮನೆ ಹಿತ್ತಲಲ್ಲಿ ಮಾಡಲಿಲ್ಲ. ಕೆರೆಯ ಹತ್ತಿರ, ಕ್ಲಬ್ಬಿನ ಹಿರಿಯರ ಮುಂದೆ ಮಾಡಿದೆ. ಊರಿನಲ್ಲಿ ಕೂತು ಓದುವವರಿಗೂ ಇದನ್ನೇ ಹೇಳುತ್ತೇನೆ: ಅನುಮತಿ, ಜೊತೆಗೆ ಗೊತ್ತಿರುವವರು, ಇವೆರಡೂ ಇಲ್ಲದೆ ಮದ್ದಿನ ಕೆಲಸಕ್ಕೆ ಕೈ ಹಾಕಬೇಡಿ.

ಕರಿಮದ್ದಿನ ಲೆಕ್ಕ ಹೀಗೆ: ಕೊಳವೆಯ ದಪ್ಪದ ವರ್ಗ, ಅದಕ್ಕೆ ಖಾಲಿ ಜಾಗದ ಉದ್ದ, ಅದಕ್ಕೆ 0.006 ಗುಣಿಸಬೇಕು. ಅಳತೆ ಇಂಚಿನಲ್ಲಿ, ಉತ್ತರ ಗ್ರಾಂನಲ್ಲಿ. ಮೇನ್ ಇರುವ ಕಡೆ ಉದ್ದ 18 ಇಂಚು, ಹಾಗಾಗಿ 1.7 ಗ್ರಾಂ. ಡ್ರೋಗ್ ಕಡೆ 16 ಇಂಚು, 1.5 ಗ್ರಾಂ. ರಾಕೆಟ್ಟಿನ ಮೂತಿ ತಾನಾಗೇ ಕಳಚದಿರಲು ಮೂರು ನೈಲಾನ್ ಶಿಯರ್ ಪಿನ್, ಮದ್ದು ಹೊತ್ತಿದಾಗ ಮಾತ್ರ ಮುರಿಯಬೇಕಾದ ಮೊಳೆ.

ಮೇನ್ 1.2 ಗ್ರಾಂ: ಎರಡು ಪಿನ್ ಮುರಿಯಿತು, ಒಂದು ಬಗ್ಗಿ ನಿಂತಿತು. ಮೂತಿ ಹೊರಗೆ ಬರಲಿಲ್ಲ.
ಮೇನ್ 1.7 ಗ್ರಾಂ: ಮೂತಿ ಬಂತು, ಪ್ಯಾರಾಚೂಟ್ ಒಳಗೇ ಉಳಿಯಿತು.
ಮೇನ್ 2.0 ಗ್ರಾಂ: ಎಲ್ಲ ಹೊರಗೆ, ಮೂರು ಮೀಟರ್ ದೂರಕ್ಕೆ.
ಡ್ರೋಗ್ 1.5 ಗ್ರಾಂ: ಮೊದಲ ಸಲಕ್ಕೇ ಸರಿ.

ಸಂಜೆ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದೆ. ಸ್ಲೆಡ್ಡಿನ ಒಂದು ತುದಿಯಲ್ಲಿ ತೆಳ್ಳಗೆ ಮಸಿ. ದೀಪಾವಳಿ ಮಾರನೆ ದಿನದ ಅಂಗಳದ ವಾಸನೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಷ್ಟೇ. ಯಾಕೆ ಬಂತು ಅಂತ ಕೇಳಿಕೊಳ್ಳಲಿಲ್ಲ. ಮದ್ದು ಸುಟ್ಟ ಮೇಲೆ ಮಸಿ ಇರುತ್ತಲ್ವಾ ಅಂದುಕೊಂಡೆ. ಆದರೆ ಮದ್ದು ಇರುವುದು ಮುಚ್ಚಳದ ಆಚೆ. ಒಳಗೆ ಮಸಿ ಇರಲೇಬಾರದು.

ಹಂತ 6: ಮೊದಲ ಹಾರಾಟ (ಜನವರಿ 13)

ಜೆ ಮೋಟಾರಿಗೆ ಮುಂಚೆ ಪರೀಕ್ಷೆಗೆ ಒಂದು ಐ ಮೋಟಾರ್. 38 ಮಿಮೀದು, ಅಡಾಪ್ಟರ್ ಹಾಕಿ 54 ಮಿಮೀ ಗೂಡಿನಲ್ಲಿ ಕೂರಿಸಿದೆ. ಗಾಳಿ ಗಂಟೆಗೆ ಸುಮಾರು 15 ಮೈಲಿ. ಪ್ಯಾಡಿನ ಮೇಲೆ ನಿಲ್ಲಿಸಿದ ಮೇಲೆಯೇ ಸ್ವಿಚ್ ಹಾಕಿದೆ. ಅಣ್ಣ ಬೀಪ್, ತಮ್ಮ ಬೀಪ್. ಇಬ್ಬರ ಇ-ಮ್ಯಾಚ್‌ಗಳೂ ಸರಿಯಾಗಿ ಜೋಡಿಕೊಂಡಿವೆ ಅಂತ ಅರ್ಥ.

ಏರಿಕೆ ನೇರ, ಚೆನ್ನಾಗಿತ್ತು. ತುದಿಯಲ್ಲಿ ಸಣ್ಣ ಹೊಗೆ. ಅದರ ಹಿಂದೆಯೇ ಇನ್ನೊಂದು ಹೊಗೆ, ಮತ್ತು ದೊಡ್ಡ ಕೆಂಪು ಪ್ಯಾರಾಚೂಟ್. ಐನೂರು ಮೀಟರ್ ಮೇಲೆ ಮೇನ್ ಬಿಚ್ಚಿಬಿಟ್ಟಿತು. ಮಗಳು “ಅಪ್ಪಾ, ಅದು ಈಗಲೇ ಬರಬೇಕಿತ್ತಾ?” ಅಂದಳು. ಒಂದೂವರೆ ನಿಮಿಷ ತೇಲಿ ಆರುನೂರು ಮೀಟರ್ ಆಚೆ ಕುರುಚಲು ಗಿಡಗಳ ಮಧ್ಯೆ ಇಳಿಯಿತು. ಒಂದು ರೆಕ್ಕೆಯ ಬಣ್ಣ ಕೆರೆದಿತ್ತು, ಬೇರೆ ಏನೂ ಆಗಿರಲಿಲ್ಲ. ಇದೇ ಜೆ ಮೋಟಾರಿನಲ್ಲಿ ಆಗಿದ್ದರೆ ಎಲ್ಲಿಗೆ ಹೋಗುತ್ತಿತ್ತೋ!

ಹಂತ 7: ತಪ್ಪು ರಿಪೇರಿ (ಜನವರಿ 14ರಿಂದ 20)

ತುದಿಯಲ್ಲೇ ಮೇನ್ ಬಿಚ್ಚಿದರೆ ಎಲ್ಲರೂ ಮೊದಲು ಬೈಯುವುದು ಶಿಯರ್ ಪಿನ್ನನ್ನು. ಡ್ರೋಗ್ ಎಳೆತಕ್ಕೆ ಪಿನ್ ಮುರಿದು ಮೂತಿ ಕಳಚಿತು ಅಂತ. ನಾನೂ ಅದನ್ನೇ ನಂಬಿದೆ. ಮೂರರ ಬದಲು ನಾಲ್ಕು ಪಿನ್ ಹಾಕಲು ಹೊಸ ತೂತು ಕೊರೆದೆ. ಮದ್ದನ್ನು 2.4 ಗ್ರಾಂಗೆ ಏರಿಸಬೇಕು ಅಂತ ಬರೆದಿಟ್ಟೆ. ಒಂದು ವಾರ ಹೋಯಿತು. ಇಷ್ಟೂ ದಿನ ಆಲ್ಟಿಮೀಟರಿನ ದಾಖಲೆಯನ್ನು ತೆಗೆದು ನೋಡಿರಲಿಲ್ಲ. ಎತ್ತರ ಎಷ್ಟು ಅಂತ ಬೀಪ್ ಎಣಿಸಿಕೊಂಡು ಸುಮ್ಮನಾಗಿದ್ದೆ. ಇಡೀ ಕೆಲಸದಲ್ಲಿ ನನಗೆ ಅತಿ ಬೇಜಾರು ತಂದ ತಪ್ಪು ಇದು. ಉತ್ತರ ಕೈಯಲ್ಲೇ ಇತ್ತು.

ಕ್ಲಬ್ಬಿನ ಹಿರಿಯರೊಬ್ಬರಿಗೆ ಫೋನ್ ಮಾಡಿ ಪಿನ್ ಬಗ್ಗೆ ಕೇಳಿದೆ. ಅವರು ಪಿನ್ ಬಗ್ಗೆ ಏನೂ ಹೇಳಲಿಲ್ಲ. “ಪೆಟ್ಟಿಗೆ ಬಿಚ್ಚಿ ಮೂಸಿ ನೋಡಿದೆಯಾ?” ಅಂದರು. ಸ್ವಲ್ಪ ಹೊತ್ತು ನನಗೆ ಮಾತೇ ಬರಲಿಲ್ಲ.

ಹಂತ 8: ದಾಖಲೆ ಓದಿದ್ದು (ಜನವರಿ 21)

ಅಣ್ಣ ಸೆಕೆಂಡಿಗೆ 20 ಸಲ ಬರೆದಿಡುತ್ತಾನೆ. 10.6ನೇ ಸೆಕೆಂಡಿಗೆ 531 ಮೀಟರ್, ಅದೇ ತುದಿ, ಡ್ರೋಗ್ ಮದ್ದು ಹೊತ್ತಿದೆ. ಮುಂದಿನ ಸಾಲು: 88 ಮೀಟರ್. ಅದರ ಮುಂದೆ 240, 410, 505. ಅರ್ಧ ಸೆಕೆಂಡಿನೊಳಗೆ ಮತ್ತೆ 530ರ ಆಸುಪಾಸು. 88ರ ಎದುರಿಗೇ ‘ಮೇನ್’ ಅನ್ನುವ ಗುರುತು.

ರಾಕೆಟ್ ಕೆಳಗೆ ಬಿದ್ದಿರಲಿಲ್ಲ. ಡ್ರೋಗ್ ಮದ್ದಿನ ಹೊಗೆ ಮುಚ್ಚಳದ ಸಂದಿನಿಂದ ಪೆಟ್ಟಿಗೆಯೊಳಗೆ ನುಗ್ಗಿತ್ತು. ಒಳಗಿನ ಒತ್ತಡ ಒಂದು ಕ್ಷಣ ಸುಮಾರು 46 ಹೆಕ್ಟೋಪಾಸ್ಕಲ್ ಏರಿತು. ಅಣ್ಣನ ಲೆಕ್ಕದಲ್ಲಿ ಒತ್ತಡ ಏರಿದರೆ ನೆಲ ಹತ್ತಿರ ಬಂತು ಅಂತ. 150ಕ್ಕಿಂತ ಕೆಳಗೆ ಬಂದಿದ್ದೇನೆ ಅಂದುಕೊಂಡು ಮೇನ್ ಹಾರಿಸಿದ. ಜಾಡಿಯಲ್ಲಿ ಗುಂಡಿ ಪಟ್ಟಂತ ಬಿಟ್ಟಾಗ ಆದದ್ದೇ ಇಲ್ಲೂ ಆಯಿತು.

ತಮ್ಮನ ದಾಖಲೆ ನೋಡಿದಾಗ ಇನ್ನೂ ಹೆದರಿಕೆಯಾಯಿತು. ಅವನಲ್ಲೂ ಅದೇ ಕುಸಿತ, 131 ಮೀಟರ್ ತನಕ ಇಳಿದಿದೆ. ಅವನ ಮೇನ್ 120ಕ್ಕೆ ಇಟ್ಟಿದ್ದರಿಂದ ಅಷ್ಟರಲ್ಲಿ ತಪ್ಪಿತು. ಒಂದು ಸೆಕೆಂಡ್ ಆದ ಮೇಲೆ ತಮ್ಮನ ಪಾಲಿನ ಡ್ರೋಗ್ ಮದ್ದು ಹೊತ್ತಿದಾಗ ಇನ್ನೊಂದು ಚಿಕ್ಕ ಕುಸಿತ. ಎರಡು ಕಂಪನಿ, ಎರಡು ಬ್ಯಾಟರಿ, ಎರಡು ಸ್ವಿಚ್ ಅಂತ ಅಷ್ಟೆಲ್ಲ ಮಾಡಿದ್ದೆ. ಇಬ್ಬರೂ ಉಸಿರಾಡುವುದು ಒಂದೇ ಪೆಟ್ಟಿಗೆಯ ಗಾಳಿ. ಗಾಳಿ ಸುಳ್ಳು ಹೇಳಿದರೆ ಇಬ್ಬರಿಗೂ ಒಂದೇ ಸುಳ್ಳು. ಆಲ್ಟಿಮೀಟರ್ ಆಕಾಶ ನೋಡುವುದಿಲ್ಲ, ತಾನಿರುವ ಡಬ್ಬಿಯ ಗಾಳಿಯನ್ನು ನೋಡುತ್ತದೆ. ಇದು ನನ್ನ ತಲೆಗೆ ಹೋಗಿದ್ದು ಅವತ್ತು.

ಏರುವಾಗಿನ ಗೆರೆಯೂ ಗರಗಸದ ಹಲ್ಲಿನ ಹಾಗಿತ್ತು, 8 ಮೀಟರ್ ಮೇಲೆ ಕೆಳಗೆ. ಅದು ಸ್ವಿಚ್ಚಿನ ದೊಡ್ಡ ತೂತಿನ ಕೊಡುಗೆ ಅಂತ ಅಂದಾಜು ಮಾಡಿದೆ.

ಹಂತ 9: ಸೋರಿಕೆ ಹುಡುಕಿ ಮುಚ್ಚಿದ್ದು (ಜನವರಿ 27ರಿಂದ ಫೆಬ್ರವರಿ 18)

ಗಾಳಿ ತೂತುಗಳಿಗೆ ಟೇಪ್ ಅಂಟಿಸಿ, ಪೆಟ್ಟಿಗೆಗೆ ಒಂದು ಪಾರದರ್ಶಕ ಕೊಳವೆ ಜೋಡಿಸಿದೆ. ಕೊಳವೆಯನ್ನು ಯು ಆಕಾರದಲ್ಲಿ ಹಲಗೆಗೆ ಬಡಿದು ನೀರು ತುಂಬಿದೆ. ನೀರು ಕಾಣಲು ಕೇಸರಿಬಾತಿಗೆ ಹಾಕುವ ಬಣ್ಣ. ಸಿರಿಂಜಿನಿಂದ ಗಾಳಿ ತುಂಬಿ ನೀರಿನ ಎರಡು ಮಟ್ಟಗಳ ನಡುವೆ 50 ಸೆಂಮೀ ವ್ಯತ್ಯಾಸ ತಂದೆ. ಇದು 49 ಹೆಕ್ಟೋಪಾಸ್ಕಲ್, ಹೆಚ್ಚುಕಡಿಮೆ ಆ ದಿನದ ಒತ್ತಡವೇ. ಮೂರು ಸೆಕೆಂಡಿಗೆ ಪೂರ್ತಿ ಇಳಿದುಹೋಯಿತು. ಸೋಪಿನ ನೊರೆ ಹಚ್ಚಿದಾಗ ಮೂರು ಕಡೆ ಗುಳ್ಳೆ.

ಮೊದಲನೆಯದು, ಇ-ಮ್ಯಾಚ್ ವೈರ್ ಹೋಗುವ ತೂತು. ಅದಕ್ಕೆ ಹಾಟ್ ಗ್ಲೂ ತುಂಬಿದ್ದೆ. ಮದ್ದಿನ ಬಿಸಿಗೆ ಅದು ಮೆತ್ತಗಾಗಿ ಬಾಯಿ ಬಿಟ್ಟಿತ್ತು. ಮುಖ್ಯ ಕಳ್ಳ ಇದೇ. ವೈರನ್ನು ಕತ್ತರಿಸಿ, ಮುಚ್ಚಳದ ಹೊರಗಡೆ ಟರ್ಮಿನಲ್ ಬ್ಲಾಕ್ ಕೂರಿಸಿ, ತೂತಿಗೆ ಎಪಾಕ್ಸಿ ತುಂಬಿದೆ. ಈಗ ಒಳಗಿನ ವೈರ್ ಶಾಶ್ವತ, ಪ್ರತಿ ಹಾರಾಟಕ್ಕೆ ಬದಲಾಗುವ ಇ-ಮ್ಯಾಚ್ ಹೊರಗೇ ಇರುತ್ತದೆ.

ಎರಡನೆಯದು, ಉಕ್ಕಿನ ಕಡ್ಡಿಗಳ ಸುತ್ತ. ನಟ್ಟಿನ ಕೆಳಗೆ ರಬ್ಬರ್ ವಾಷರ್ ಹಾಕಿದೆ.

ಮೂರನೆಯದು, ಮುಚ್ಚಳ ಮತ್ತು ಕೊಳವೆಯ ಅಂಚು. ಇದಕ್ಕೆ ಎರಡು ಸಲ ಸೋತೆ. ಮೊದಲು ಸಿಲಿಕೋನ್ ಹಚ್ಚಿದೆ, ಬಿಚ್ಚುವಾಗ ಕೊಳವೆಯ ಅಂಚೇ ಎದ್ದು ಬಂತು. ಆಮೇಲೆ ಬಾಗಿಲ ಸಂದಿಗೆ ಅಂಟಿಸುವ ಫೋಮ್ ಪಟ್ಟಿ ಹಾಕಿದೆ. ಅದು ದಪ್ಪ ಜಾಸ್ತಿಯಾಗಿ ಮುಚ್ಚಳ ಓರೆ ಕೂತಿತು. ಕೊನೆಗೆ 1.5 ಮಿಮೀ ರಬ್ಬರ್ ಹಾಳೆಯಿಂದ ಉಂಗುರ ಕತ್ತರಿಸಿ ಹಾಕಿದೆ, ಸರಿಹೋಯಿತು.

3/8 ಇಂಚಿನ ತೂತಿಗೆ ಮರದ ಬೆಣೆ, ಮೇಲೆ ಎಪಾಕ್ಸಿ. ಅದರ ಬದಲು ಸ್ಕ್ರೂ ತಿರುಗಿಸಿದರೆ ಆನ್ ಆಗುವ ಚಿಕ್ಕ ಸ್ವಿಚ್ ಎರಡು, 24 ಡಾಲರ್. ಇವನ್ನು ಎದುರುಬದುರಿನ ಎರಡು ಗಾಳಿ ತೂತುಗಳ ನೇರಕ್ಕೆ ಕೂರಿಸಿದೆ. ತೆಳ್ಳನೆ ಸ್ಕ್ರೂಡ್ರೈವರ್ ಅದೇ 3.2 ಮಿಮೀ ತೂತಿನಿಂದ ಹೋಗುತ್ತದೆ. ಹೆಚ್ಚುವರಿ ತೂತು ಬೇಕಿಲ್ಲ. ಪಿನ್ ಮತ್ತೆ ಮೂರಕ್ಕೆ ಇಳಿಸಿದೆ, ಮದ್ದು 2.0 ಗ್ರಾಂ.

ಮತ್ತೆ 50 ಸೆಂಮೀ. ಒಂದು ನಿಮಿಷದ ನಂತರ 46. ಸಾಕು.

ಆಕ್ಸೆಲೆರೋಮೀಟರ್ ಇರುವ ಮೂರನೆಯದೊಂದು ಕೊಳ್ಳಬೇಕಾ ಅಂತ ಒಂದು ವಾರ ಯೋಚಿಸಿದೆ. ಅದು ವೇಗದ ಲೆಕ್ಕದಿಂದ ತುದಿ ಹುಡುಕುತ್ತದೆ, ಪೆಟ್ಟಿಗೆಯ ಗಾಳಿಗೆ ಮೋಸ ಹೋಗುವುದಿಲ್ಲ. ಶಬ್ದದ ವೇಗದ ಹತ್ತಿರ ಹೋಗುವ ರಾಕೆಟ್ಟಿಗೆ ಅದು ತುಂಬಾ ಉಪಯೋಗ. ನನ್ನದು ಶಬ್ದದ ವೇಗದ ಅರ್ಧದ ಆಸುಪಾಸಿನದು. ಮೇನ್ ಎತ್ತರಕ್ಕಂತೂ ಕೊನೆಗೆ ಗಾಳಿ ಒತ್ತಡವೇ ಬೇಕು. ಈ ಸಲ ಬೇಡ ಅಂತ ಬಿಟ್ಟೆ.

ಫೆಬ್ರವರಿಯಲ್ಲಿ ಮಳೆ. ಕೆರೆ ಅಂಗಳ ಕೆಸರು. ಹಾರಾಟ ಇಲ್ಲ.

ಖರ್ಚು, ಪೆಟ್ಟಿಗೆಗೆ ಮಾತ್ರ: ಆಲ್ಟಿಮೀಟರ್ 170, ಪ್ಲೈವುಡ್ ಮತ್ತು ಕಡ್ಡಿ 14, ಸ್ವಿಚ್ 24, ವೈರ್ ಮತ್ತು ಟರ್ಮಿನಲ್ 11, ಲಿಪೋ 9, ಪಂಪು 27, ಕೊಳವೆ 4. ಒಟ್ಟು 259 ಡಾಲರ್. ಸೋರಿಕೆ ಹುಡುಕಿಕೊಟ್ಟದ್ದು ಇವುಗಳಲ್ಲಿ ಅತಿ ಅಗ್ಗದ ಆ ನಾಲ್ಕು ಡಾಲರಿನ ಕೊಳವೆ.

ಹಂತ 10: ಜೆ ಮೋಟಾರ್ (ಮಾರ್ಚ್ 9)

ಪೆಟ್ಟಿಗೆ ಮುಚ್ಚುವ ಮುಂಚೆ ಎರಡೂ ಮುಚ್ಚಳದ ಒಳಮೈಗೆ ಎರಡು ಬೆರಳಗಲದ ಬಿಳಿ ಕಾಗದ ಅಂಟಿಸಿದೆ. ಮಸಿ ಬಂದರೆ ಅದರ ಮೇಲೆ ಕಾಣಬೇಕು.

ಪ್ಯಾಡಿನ ಮೇಲೆ ತೂಕ 5.3 ಕೆಜಿ. ಗಾಳಿ ಗಂಟೆಗೆ 6 ಮೈಲಿ. 15.4 ಸೆಕೆಂಡಿಗೆ ತುದಿ. ಅಣ್ಣನ ಡ್ರೋಗ್ ಮದ್ದಿನ ಒಂದು ಸಣ್ಣ ಹೊಗೆ, ಆಮೇಲೆ ತಮ್ಮನದು ಇನ್ನೊಂದು. ದೊಡ್ಡ ಪ್ಯಾರಾಚೂಟ್ ಕಾಣಲಿಲ್ಲ. ಡ್ರೋಗ್ ಮೇಲೆ ಸರ್ರನೆ ಇಳಿಯುತ್ತಿತ್ತು. ಆ ಒಂದು ನಿಮಿಷ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ. 150ರ ಹತ್ತಿರ ಕೆಂಪು ಬಟ್ಟೆ ಅರಳಿತು. ಪ್ಯಾಡಿನಿಂದ 210 ಮೀಟರ್ ದೂರದಲ್ಲಿ ಬಯಲ ಮೇಲೆ ಕೂತಿತು.

ಅಣ್ಣ: 1,178 ಮೀಟರ್. ತಮ್ಮ: 1,171. ತುದಿಯಲ್ಲಿ ಮದ್ದು ಹೊತ್ತಿದಾಗ ಅಣ್ಣನ ಗೆರೆ 3 ಮೀಟರ್ ಅಲ್ಲಾಡಿದೆ, ಅಷ್ಟೇ. ಏರುವಾಗಿನ ಗೆರೆಯಲ್ಲಿ ಹಲ್ಲು 2 ಮೀಟರ್ ಒಳಗೆ.

ಸಹಿ ಹಾಕುವ ಮುಂಚೆ ಆ ಹಿರಿಯರು ಪೆಟ್ಟಿಗೆ ಬಿಚ್ಚಲು ಹೇಳಿದರು. ಬಗ್ಗಿ ಮೂಸಿದರು. ತಲೆಯಾಡಿಸಿ ಪೆನ್ನು ಕೇಳಿದರು. ಮಗಳು ಎರಡೂ ಕಾಗದದ ಚೂರು ಕಿತ್ತು ಬಿಸಿಲಿಗೆ ಹಿಡಿದಳು. ಮೇನ್ ಕಡೆಯದು ಪೂರ್ತಿ ಬಿಳಿ. ಡ್ರೋಗ್ ಕಡೆಯದರ ಮೂಲೆಯಲ್ಲಿ ಸಾಸಿವೆ ಗಾತ್ರದ ಒಂದು ಬೂದು ಚುಕ್ಕೆ, ಒಂದು ಕಡ್ಡಿಯ ನೇರಕ್ಕೆ. ಆ ಕಡೆಯ ವಾಷರ್ ಬದಲಾಯಿಸಬೇಕು. ಇವತ್ತು ಸಂಜೆ ಅಂಗಡಿಗೆ ಹೋಗುತ್ತಿದ್ದೇನೆ.